ಕೋರಂ ತಂದ ಓಕುಳಿ ಹಗ್ಗ

ನಮ್ಮ ಕನ್ನಡ ಸಂಘದ ಅಧ್ಯಕ್ಷರನ್ನು ಕುರ್ಚಿಯಿಂದ ಇಳಿಸಲು ನಾನು ಎರಡೂವರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಯಿತು. ಈಗ ನೆನೆಸಿಕೊಂಡರೂ ನಗು ಉಕ್ಕಿ ಬರುತ್ತದೆ. ಮೋಟರ್‌ವೇಯಲ್ಲಿ ಒಬ್ಬಳೇ ಕಾರು ಓಡಿಸುತ್ತಾ ನಕ್ಕಾಗ, ಪಕ್ಕದ ಯೂಟ್ ಟ್ರಕ್ಕಿನವನು ಕಿಟಕಿ ಇಳಿಸಿ ನನ್ನನ್ನು ನೋಡಿದ್ದೂ ಉಂಟು.

ಅಧ್ಯಕ್ಷರು ಕೆಟ್ಟವರಲ್ಲ. ಆಕ್ಲೆಂಡಿಗೆ ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತಂದು, ಮನೆ ಹುಡುಕಿಕೊಟ್ಟು, ಯಾರದೋ ಹಳೇ ಫ್ರಿಜ್ ಕೊಡಿಸುವ ಪುಣ್ಯಾತ್ಮರು. ನಮಗೂ ಕೊಡಿಸಿದ್ದರು. ಅದು ಇವತ್ತಿಗೂ ನಮ್ಮ ಗ್ಯಾರೇಜಿನಲ್ಲಿ ಗೊರಕೆ ಹೊಡೆಯುತ್ತಿದೆ. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ತೊಂದರೆ ಒಂದೇ: ಒಮ್ಮೆ ಕೈಗೆ ಬಂದ ಮೈಕನ್ನು ಅವರು ಬಿಡುತ್ತಿರಲಿಲ್ಲ. ಸಂಘದ ಬೈಲಾ ಪ್ರಕಾರ ವಾರ್ಷಿಕ ಸಭೆಗೆ ನಲವತ್ತು ಸದಸ್ಯರಾದರೂ ಕೂತಿರಬೇಕು. ಕೋರಂ ಆಗದಿದ್ದರೆ ಹಳೇ ಸಮಿತಿಯೇ ಮುಂದುವರಿಯುತ್ತದೆ. ಅಂಕಲ್ ಪ್ರತಿ ವರ್ಷ ಸಭೆಯನ್ನು ಸರಿಯಾಗಿ ಊಟದ ಹೊತ್ತಿಗೇ ಇಡುತ್ತಿದ್ದರು. ಹೊರಗೆ ಬಿಸಿಬೇಳೆಬಾತಿನ ಡಬರಿ ಮುಚ್ಚಳ ತೆಗೆದರೆ ಒಳಗೆ ಯಾರು ಕೂರುತ್ತಾರೆ? ಅವರು ಸಭೆಯ ಹಾಲಿನ ಬಾಗಿಲಿಗೆ ಬಂದು, ತಟ್ಟೆ ಹಿಡಿದ ಜನರನ್ನು ಅಕ್ಕರೆಯಿಂದ ನೋಡಿ ಹೇಳುತ್ತಿದ್ದರು:

“ಪಾಪ, ಊಟ ಮಾಡ್ಲಿ ಬಿಡಿ. ಕೋರಂ ಇಲ್ವಲ್ಲ, ಏನ್ ಮಾಡೋಕಾಗತ್ತೆ? ಮುಂದಿನ ವರ್ಷ ನೋಡೋಣ.”

ನನಗೆ ಬೇಕಿದ್ದದ್ದು ಅಧ್ಯಕ್ಷಗಿರಿಯಲ್ಲ, ಒಂದು ಸಣ್ಣ ಕೋಣೆ. ಆಕ್ಲೆಂಡಿನ ತಕಾನಿನಿ ಬಡಾವಣೆಯ ನಮ್ಮ ಹಾಲಿನ ಪಕ್ಕದಲ್ಲಿ ಮಡಚುವ ಕುರ್ಚಿಗಳನ್ನೂ ಹಳೇ ಬ್ಯಾನರುಗಳನ್ನೂ ತುಂಬಿಟ್ಟ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿಕೊಟ್ಟರೆ ಭಾನುವಾರ ಮಕ್ಕಳಿಗೆ ಕನ್ನಡ ಪಾಠ ನಡೆಸಬಹುದು. ಕೇಳಿದಾಗಲೆಲ್ಲ ಅಂಕಲ್, “ಸಭೇಲಿ ಇಡಿಮ್ಮ, ನಾನೊಬ್ನೇ ಹೆಂಗ್ ತೀರ್ಮಾನ ಮಾಡ್ಲಿ?” ಎನ್ನುವರು. ಸಭೆ ನಡೆದರೆ ತಾನೆ ಇಡುವುದು? ನನ್ನ ಮಗಳಿಗೆ ಆಗಲೇ ಹದಿನಾರು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬೈಗುಳವೂ ಸೇರಿ. ಆದರೆ ಬಾಯಿಂದ ಒಂದಕ್ಷರ ಬರುವುದಿಲ್ಲ. “ಊಟಕ್ಕೆ ಬಾರೇ” ಅಂದರೆ “ಇನ್ ಅ ಮಿನಿಟ್” ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಕನ್ನಡ ಇನ್ನು ಕಿವಿಯಲ್ಲಷ್ಟೇ ಉಳಿಯುತ್ತದೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು, ಅಷ್ಟೇ ಸಿಟ್ಟೂ ಇತ್ತು.

ಆ ವರ್ಷ ಮಗಳು ಶಾಲೆಯಲ್ಲಿ ಪ್ರಾಚೀನ ಗ್ರೀಸಿನ ಪಾಠ ತೆಗೆದುಕೊಂಡಳು. ಪರೀಕ್ಷೆ ಹತ್ತಿರವಾದಂತೆ ಬೆಳಗ್ಗೆ ಕಾರಿನಲ್ಲಿ ನನಗೆ ಒಪ್ಪಿಸತೊಡಗಿದಳು. ನಾನು ಆಸ್ಪತ್ರೆಯಲ್ಲಿ ನರ್ಸುಗಳ ಪಾಳಿ ಹೊಂದಿಸುವವಳು. ಜನರನ್ನು ಕೂಡಿಸುವ ಕಷ್ಟ ನನಗೆ ಗೊತ್ತು, ಹಾಗಾಗಿ ಕಿವಿಗೊಟ್ಟೆ. ಸ್ಪಾರ್ಟಾದಲ್ಲಿ ಯಾರ ಪರವಾಗಿ ಜನ ಜೋರಾಗಿ ಕೂಗುತ್ತಾರೋ ಅವರೇ ಗೆದ್ದಂತಂತೆ. “ಅದು ನಮ್ಮ ಸಂಘವೇ ಕಣೇ” ಅಂದೆ. ಅಥೆನ್ಸಿನಲ್ಲಿ ಯಾರಾದರೂ ವಿಪರೀತ ಬಲಿತರೆ ಜನ ಮಡಕೆ ಚೂರಿನ ಮೇಲೆ ಹೆಸರು ಗೀಚಿ, ಅವನನ್ನು ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರಂತೆ. ಇದು ನನಗೆ ಬಹಳ ಹಿಡಿಸಿತು. ಎರಡು ದಿನ ಅದೇ ಗುಂಗಿನಲ್ಲಿದ್ದೆ. ಆಮೇಲೆ, ಅಂಕಲನ್ನು ಹತ್ತು ವರ್ಷ ಕಳಿಸಿಬಿಟ್ಟರೆ ಏರ್‌ಪೋರ್ಟಿಗೆ ಹೋಗುವವರು ಯಾರು ಅನ್ನಿಸಿ ಕೈಬಿಟ್ಟೆ.

ಮಾರನೇ ವಾರ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಮಗಳು, “ಮಮ್, ದೇ ಹ್ಯಾಡ್ ಅ ರೋಪ್” ಅಂದಳು. ಅಥೆನ್ಸಿನವರೂ ಸಭೆಗೆ ಹೋಗದೆ ಸಂತೆಯಲ್ಲಿ ಹರಟುತ್ತಾ ನಿಲ್ಲುತ್ತಿದ್ದರಂತೆ. ಆಗ ಇಬ್ಬರು ಗುಲಾಮರು ಕೆಂಪು ಬಣ್ಣದಲ್ಲಿ ಅದ್ದಿದ ಉದ್ದನೆಯ ಹಗ್ಗವನ್ನು ಆಚೀಚೆ ಹಿಡಿದು, ಕುರಿಮಂದೆಯ ಹಾಗೆ ಎಲ್ಲರನ್ನೂ ಸಭೆಯ ಕಡೆ ತಳ್ಳಿಕೊಂಡು ಬರುತ್ತಿದ್ದರು. ಬಟ್ಟೆಗೆ ಬಣ್ಣ ತಗಲಿದವನಿಗೆ ದಂಡ.

ಹಸಿರು ದೀಪ ಬಿತ್ತು. ನನ್ನ ಕಾರು ಕದಲಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಈ ದೇಶದಲ್ಲಿ ಹಾರ್ನ್ ಹೊಡೆಸಿಕೊಳ್ಳುವುದು ಸಣ್ಣ ಸಾಧನೆಯಲ್ಲ.

“ಓಕುಳಿ!” ಎಂದು ಕಿರುಚಿದೆ.

ಮಗಳು ನನ್ನನ್ನು ಕನಿಕರದಿಂದ ನೋಡಿದಳು. ಅಥೆನ್ಸಿನ ಸಭೆಗೆ ಹೆಂಗಸರನ್ನು ಬಿಡುತ್ತಿರಲಿಲ್ಲ, ಬೇರೆ ಊರಿಂದ ಬಂದು ನೆಲೆಸಿದವರನ್ನೂ ಬಿಡುತ್ತಿರಲಿಲ್ಲ, ನೀನು ಎರಡೂ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ಇರಲಿ. ಇದು ಅಥೆನ್ಸ್ ಅಲ್ಲ. ಇಲ್ಲಿ ರೆಸಿಡೆಂಟ್ ಆಗಿ ಒಂದು ವರ್ಷ ಕಳೆದರೆ, ಪಾಸ್‌ಪೋರ್ಟ್ ಯಾವುದಿದ್ದರೂ ಮತ ಕೊಡುತ್ತಾರೆ. ನಾನು ಮೊದಲ ಸಲ ಮತ ಹಾಕಿದ ದಿನ ಅವರು ಕೊಟ್ಟ ಸ್ಟಿಕ್ಕರನ್ನು ಎದೆಗೆ ಅಂಟಿಸಿಕೊಂಡು, ಬೇಕಿಲ್ಲದ ಹಾಲು ಕೊಳ್ಳಲು ಬೀದಿ ಮೂಲೆಯ ಡೇರಿ ಅಂಗಡಿಗೆ ಹೋಗಿ ಮೆರೆದು ಬಂದಿದ್ದೆ. ದೇಶಕ್ಕೇ ಮತ ಹಾಕಿದವಳು ಒಂದು ಸಣ್ಣ ಕೋಣೆಗೆ ಹಾಕಲಾರೆನೇ?

ಸಭೆಯ ದಿನ ಬೆಳಗ್ಗೆ ಬಕೆಟ್ಟಿನಲ್ಲಿ ಅರಿಶಿನ ಕಲಸಿ ಸುಣ್ಣ ಹಾಕಿದೆ. ಹಳದಿ ನೀರು ಕಣ್ಣೆದುರೇ ಕೆಂಪಾದಾಗ ಮಗಳು “ವೋ!” ಎಂದು ಕುಣಿದಳು. ಬಟ್ಟೆ ಒಣಗಿಸುವ ನೂಲಿನ ಹಗ್ಗವನ್ನು ಅದರಲ್ಲಿ ಅದ್ದಿ ಅದ್ದಿ ನನ್ನ ಕೈ ಮೊಳಕೈವರೆಗೂ ಕೆಂಪಾಯಿತು. ಮಧ್ಯಾಹ್ನ ಡಬರಿಯ ಮುಚ್ಚಳ ತೆಗೆದಿದ್ದೇ ತಡ, ನಾವಿಬ್ಬರೂ ಕಾರ್ ಪಾರ್ಕಿನ ಆ ಕೊನೆಯಿಂದ ಹಗ್ಗ ಬಿಗಿಯಾಗಿ ಹಿಡಿದು ಹೊರಟೆವು.

“ಬಣ್ಣ ತಗಲಿದವರು ಪಾತ್ರೆ ತೊಳೀಬೇಕು!” ಎಂದು ಕೂಗಿದೆ.

ಒಂದು ಕ್ಷಣ ಯಾರಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಗೌಜೋ ಗೌಜು. ರೇಷ್ಮೆ ಸೀರೆಯ ಆಂಟಿಯರು ನೆರಿಗೆ ಎತ್ತಿಕೊಂಡು ಓಡಿದರು. ಬಿಳಿ ಪಂಚೆಯ ಒಬ್ಬರು ವಡೆಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಮ್ಮುಖವಾಗಿ ನಡೆದರು. ಮಕ್ಕಳು ಬೇಕಂತಲೇ ಹಗ್ಗದ ಕೆಳಗೆ ನುಸುಳಿ ಮೈಯೆಲ್ಲ ಬಣ್ಣ ಮಾಡಿಕೊಂಡರು. ತಟ್ಟೆ ಸಮೇತ, ನಗುತ್ತಾ, ಬೈಯುತ್ತಾ, ಇಡೀ ಸಂಘ ಹಾಲಿನೊಳಗೆ ಹೋಯಿತು. ನನಗೆ ಕುಣಿಯಬೇಕೆನ್ನಿಸಿತು. ಕುಣಿದೆ ಕೂಡ.

ಅಂಕಲ್ ಮಾತ್ರ ವೇದಿಕೆಯ ಮೇಲೆ ಶಾಂತವಾಗಿದ್ದರು. ಕೆನೆ ಬಣ್ಣದ ರೇಷ್ಮೆ ಶರಟು, ಕೈಯಲ್ಲಿ ಮೈಕು. ಮಕ್ಕಳನ್ನು ಬಿಟ್ಟು ಒಬ್ಬೊಬ್ಬರ ಕಡೆಗೂ ಬೆರಳು ತೋರಿಸಿ ಎಣಿಸಿದರು. ತಮ್ಮನ್ನೂ ಸೇರಿಸಿಕೊಂಡರು. ಎರಡನೇ ಸಲವೂ ಎಣಿಸಿದರು.

“ಮೂವತ್ತೊಂಬತ್ತು. ಅಯ್ಯೋ, ಒಂದೇ ಒಂದು ಕಮ್ಮಿ. ಪಾಪ, ಊಟ ಮಾಡ್ಲಿ ಬಿಡಿ...”

ನನ್ನ ಕಣ್ಣಲ್ಲಿ ನೀರೇ ಬಂತು. ಬಾಗಿಲ ಹೊರಗೆ ಹಗ್ಗ ಹಿಡಿದು ನಿಂತು, ಇನ್ನು ಯಾರಾದರೂ ಕಾರಿನಲ್ಲಿ ಅಡಗಿದ್ದಾರಾ ಎಂದು ಹುಚ್ಚಿಯ ಹಾಗೆ ಸುತ್ತ ನೋಡಿದೆ. ಆಗ ಹಗ್ಗದ ಆ ತುದಿಯಿಂದ ಮಗಳು, “ಮಮ್. ಯೂ ಆರ್ ಔಟ್‌ಸೈಡ್” ಅಂದಳು.

ಅಥೆನ್ಸಿನಲ್ಲಿ ಹಗ್ಗ ಹಿಡಿದವರು ಲೆಕ್ಕಕ್ಕಿರಲಿಲ್ಲ. ನಾನೂ ಅದೇ ಗುಂಗಿನಲ್ಲಿ ನನ್ನನ್ನೇ ಮರೆತಿದ್ದೆ. ಚಪ್ಪಲಿ ಕಾಲನ್ನು ಎತ್ತಿ ಹೊಸಿಲಿನ ಒಳಗಿಟ್ಟೆ. “ನಲವತ್ತು!” ಎಂದು ಯಾರೋ ಕೂಗಿದರು. ಹಾಲಿನ ಚಾವಣಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಸ್ಪಾರ್ಟಾದವರೂ ಅಷ್ಟು ಜೋರಾಗಿ ಕೂಗಿರಲಾರರು.

ಕೋಣೆ ಮೊದಲ ಐದು ನಿಮಿಷದಲ್ಲೇ ಪಾಸಾಯಿತು. ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಲುತ್ತೀರಿ ಎಂದು ಅಂಕಲ್ ಕೇಳಿದಾಗ ಮಾತ್ರ ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡರು. ನಾನೂ ನೋಡಿಕೊಳ್ಳಲು ತಟ್ಟೆ ಹುಡುಕಿದೆ. ಅಂಕಲ್ ಮುಖದ ಮೇಲೆ ನಿಧಾನವಾಗಿ ಒಂದು ನಗು ಹರಡಿತು.

“ಬಣ್ಣ ತಗಲಿದವ್ರಿಗೆ ದಂಡ ಅಂದ್ರಲ್ಲ, ಎಲ್ರಿಗಿಂತ ಜಾಸ್ತಿ ತಗಲಿರೋದು ಯಾರಿಗೆ?”

ಎಲ್ಲರೂ ನನ್ನ ಕೈ ನೋಡಿದರು. ಅಂಕಲ್ ಇಳಿದು ಬಂದು ಮೈಕನ್ನು ನನ್ನ ಕೈಗಿಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದರು. ಆಮೇಲೆ ಆ ಕೈಗಳನ್ನು ಮರೆತು ಶರಟಿಗೆ ಒರೆಸಿಕೊಂಡರು. ಅಷ್ಟು ಸುಲಭವಾಗಿ ಏಕೆ ಬಿಟ್ಟುಕೊಟ್ಟರೋ ನನಗೆ ಇಂದಿಗೂ ಗೊತ್ತಿಲ್ಲ. ಅವರ ಹೆಂಡತಿ ಆಮೇಲೆ ಹೇಳಿದರು, ಆ ಶರಟಿನ ಕಲೆ ಒಣಗಿದರೆ ಹಳದಿಯಂತೆ, ಸೋಪು ಹಾಕಿದರೆ ಮತ್ತೆ ಕೆಂಪಂತೆ.

ಭಾನುವಾರದ ಪಾಠ ಶುರುವಾಯಿತು. ಪುಟ್ಟ ಮಕ್ಕಳನ್ನು ನೋಡಿಕೊಳ್ಳಲೆಂದು ಮಗಳೂ ಬಂದು ಕೂರುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ನಾನು ಅಧ್ಯಕ್ಷೆಯಾಗಿ ಮೆರೆದೆ. ಮೈಕಿಗೆ ಒಂದು ರುಚಿಯಿದೆ, ಅದು ಹಿಡಿದವರಿಗಷ್ಟೇ ಗೊತ್ತು. ಯುಗಾದಿಗೆ ಹತ್ತು ನಿಮಿಷ ಎಂದುಕೊಂಡು ನಿಂತವಳು ಪಾಯಸ ಆರುವವರೆಗೂ ಮಾತಾಡಿದೆ. ಮುಂದಿನ ವಾರ್ಷಿಕ ಸಭೆಯ ಹೊತ್ತನ್ನು ನಾನೇ ಗೊತ್ತುಮಾಡಿದೆ. ಊಟವಾದ ಮೇಲೆ ಜನ ತೂಕಡಿಸುತ್ತಾರೆ, ಅದಕ್ಕೇ ಊಟದ ಹೊತ್ತಿಗೇ ಇರಲಿ ಎಂದು ಸಮಿತಿಗೆ ವಿವರಿಸಿದೆ. ಎಷ್ಟು ಸರಿಯಾಗಿ ಕೇಳಿಸಿತೆಂದರೆ, ನಾನೂ ನಂಬಿದೆ.

ಆ ದಿನ ಬಾಗಿಲಲ್ಲಿ ನಿಂತು ಹೊರಗೆ ನೋಡಿದೆ. ಬಿಸಿಬೇಳೆಬಾತಿನ ಸುತ್ತ ಜನವೋ ಜನ. ಹಿಂದೆ ಸಾಲು ಸಾಲು ಖಾಲಿ ಕುರ್ಚಿ. ಹೊಟ್ಟೆಯೊಳಗೆ ತಂಪಾಗಿ ಒಂದು ಸಂತೋಷ ಎದ್ದಿತು. ಬಾಯಿಂದ ಮಾತು ತಾನಾಗಿ ಬಂತು:

“ಪಾಪ, ಊಟ ಮಾಡ್ಲಿ ಬಿಡಿ.”

ಹೇಳಿದ್ದು ನಾನೇ ಎಂದು ತಿಳಿಯಲು ಅರೆಗಳಿಗೆ ಬೇಕಾಯಿತು. ಅಷ್ಟರಲ್ಲಿ ಕಾರ್ ಪಾರ್ಕಿನ ಆ ಕೊನೆಯಲ್ಲಿ ಗದ್ದಲವೆದ್ದಿತು. ಎದೆಯ ಮೇಲೆ ಎರಡು ಅಂಗೈ ಕಲೆಯಿದ್ದ ಅದೇ ಶರಟು ತೊಟ್ಟು, ತೊಟ್ಟಿಕ್ಕುವ ಕೆಂಪು ಹಗ್ಗ ಹಿಡಿದು ಅಂಕಲ್ ಬರುತ್ತಿದ್ದರು. ಜನ ಕಿರುಚಿಕೊಂಡು ಒಳಗೆ ನುಗ್ಗಿದರು. ಹಗ್ಗ ನೇರವಾಗಿ ನನ್ನ ಹೊಸ ಸೀರೆಯ ಕಡೆಗೇ ಬಂತು. ಅದರ ಇನ್ನೊಂದು ತುದಿ ಹಿಡಿದಿದ್ದವಳು ನನ್ನ ಮಗಳು.

“ನಡೀರಿ ಅಧ್ಯಕ್ಷರೇ,” ಅಂದಳು, ಅಚ್ಚ ಕನ್ನಡದಲ್ಲಿ, “ಒಳಗೆ.”