ಆರಕ್ಕೇ ನಿಂತ ಎಣಿಕೆ

ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಆಗ ಒಬ್ಬರ ಮನೆಯಲ್ಲೂ ಥರ್ಮಾಮೀಟರ್ ಇರಲಿಲ್ಲ. ಕೂಸಿಗೆ ಖರೇನೇ ಜ್ವರ ಬಂದಿದೆಯೋ, ಸಾಲಿ ತಪ್ಪಿಸಲು ನಾಟಕ ಹೂಡಿದೆಯೋ ಅನ್ನುವುದನ್ನು ಒಂದೊಂದು ಮನೆಯಲ್ಲಿ ಒಂದೊಂದು ಕೈ ತೀರ್ಮಾನಿಸುತ್ತಿತ್ತು. ನಮ್ಮ ಮನೆಯಲ್ಲಿ ಆ ಕೈ ಆಯಿಯದು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಅಪ್ಪ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ, ಅವ್ವ ಮನೆಯಲ್ಲೇ ಹೊಲಿಗೆ ಮಶೀನು ತುಳಿಯುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಮಾತ್ರ ಆಯಿಯ ಮಾತಿನ ಮೇಲೆ.

ಆಯಿಯ ಪರೀಕ್ಷೆ ಹೀಗಿತ್ತು. ಮುಂಜಾನೆ ಪೂಜೆ ಮುಗಿಸಿ ದೇವರ ಜಗುಲಿಯ ಮುಂದಿನ ಮಣೆಯ ಮೇಲೆ ನನ್ನನ್ನು ಕೂರಿಸುತ್ತಿದ್ದಳು. ವಿಭೂತಿ ಗಟ್ಟಿಯನ್ನು ಅಂಗೈಯ ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ನನ್ನ ಹಣೆಗೆ ಎಳೆದು, "ಕಣ್ಣು ಮುಚ್ಚವಾ" ಅನ್ನುತ್ತಿದ್ದಳು. ಆಮೇಲೆ ಬೆರಳ ಗೆಣ್ಣು ಎಣಿಸುತ್ತ ಸಾವಕಾಶವಾಗಿ ಹನ್ನೊಂದು ಸಲ ಶಿವನ ಹೆಸರು ಹೇಳುತ್ತಿದ್ದಳು. ಹನ್ನೊಂದು ಮುಗಿಯುವುದರೊಳಗೆ ವಿಭೂತಿ ಒಣಗಿ ಬೆಳ್ಳಗಾಗಿದ್ದರೆ ಜ್ವರ ಇದೆ, ಸಾಲಿ ಇಲ್ಲ. ಇನ್ನೂ ಹಸಿ ಇದ್ದರೆ ಪಾಟೀಚೀಲ ಹೆಗಲಿಗೆ. ಅದರ ಮೇಲೆ ಅಪ್ಪನೂ ಮಾತಾಡುತ್ತಿರಲಿಲ್ಲ, ಅವ್ವನೂ ಮಾತಾಡುತ್ತಿರಲಿಲ್ಲ.

ನಾನು ಒಮ್ಮೆಯೂ ಕಣ್ಣು ತೆರೆದು ಕಳ್ಳನೋಟ ನೋಡಿದವಳಲ್ಲ. ಮನಸ್ಸಿನೊಳಗೆ ಆಕೆಯ ಜೊತೆ ಎಣಿಸುತ್ತಿದ್ದೆ, ಅಷ್ಟೆ. ಒಂದು ಸಲ ಮಗ್ಗಿ ಬಾಯಿಪಾಠ ಬಾರದ ದಿನ ಒಲೆಯ ಮುಂದೆ ಹಣೆ ಕಾಯಿಸಿಕೊಂಡು ಹೋಗಿ ಮಣೆಯ ಮೇಲೆ ಕೂತಿದ್ದೆ. ಆಯಿ ಪೂರಾ ಹನ್ನೊಂದು ಎಣಿಸಿ, "ಇಕಿಗೆ ಒಲಿ ಜ್ವರ ಬಂದೈತಿ. ಸಾಲಿಗೆ ಹೋದ್ರ ತಾನ ಇಳಿತೈತಿ" ಅಂದಿದ್ದಳು. ಅವತ್ತಿನಿಂದ ಆಯಿಗೆ ಸುಳ್ಳು ಗೊತ್ತಾಗೇ ಆಗುತ್ತದೆ ಎಂದು ನಂಬಿಬಿಟ್ಟೆ. ಆಕೆಯೇ ಸುಳ್ಳು ಹೇಳಿಯಾಳು ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ.

ಖರೇ ಜ್ವರ ಬಂದ ದಿನಗಳ ಸುಖವನ್ನು ಏನು ಹೇಳಲಿ. ಆಯಿಯ ಕೌದಿಯೊಳಗೆ ಹೊಕ್ಕರೆ ಆಕೆ ಮೂಗಿಗೇರಿಸುವ ತಪಕೀರು, ವಿಭೂತಿ, ಹಳೆ ಇಳಕಲ್ ಸೀರೆ ಎಲ್ಲ ಕೂಡಿದ ಒಂದು ವಾಸನೆ. ಮಧ್ಯಾಹ್ನಕ್ಕೆ ಮೆತ್ತಗಿನ ಜೋಳದ ನುಚ್ಚು, ಹಾಲು. ಸಂಜೆಗೆ ಚಹಾದಲ್ಲಿ ಅದ್ದಿದ ಬನ್ನು. ಜ್ವರ ಸ್ವಲ್ಪ ಇಳಿದರೆ ಆಯಿ ಸೆರಗಿನ ಗಂಟಿನಿಂದ ಗಜಗದ ಕಾಯಿ ತೆಗೆಯುತ್ತಿದ್ದಳು. ಆ ವಯಸ್ಸಿನಲ್ಲೂ ಐದು ಗಜಗ ಮೇಲಕ್ಕೆ ತೂರಿ ಮುಂಗೈ ಮೇಲೆ ಐದನ್ನೂ ಹಿಡಿಯುತ್ತಿದ್ದಳು. ನಾನು ಸೋತರೆ ನಗುತ್ತಿದ್ದಳು, ನನ್ನನ್ನು ಗೆಲ್ಲಿಸಲು ತಾನು ಸೋತವಳಲ್ಲ. ಅದಕ್ಕೇ ಆಕೆಯ ಮೇಲೆ ಅಷ್ಟು ಜೀವ ನನಗೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ, ಓಣಿಗೆಲ್ಲ ಕೀಲು ಹಿಡಿಯುವ ಜ್ವರ ಬಂತು. ನಿನ್ನೆ ನೆಟ್ಟಗೆ ನಡೆದವರು ಇವತ್ತು ಗೋಡೆ ಹಿಡಿದು ನಡೆಯುತ್ತಿದ್ದರು. ಸಂಜೆಯಾದರೆ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಗುರುಗುಟ್ಟುತ್ತ ಬರುತ್ತಿತ್ತು. ನಾನೂ ಹಿಂದಿನ ಓಣಿಯ ಗೆಳತಿ ಶಬಾನಾಳೂ ಆ ಬಿಳಿ ಹೊಗೆಯೊಳಗೆ ಕೈಕೈ ಹಿಡಿದು ಓಡುತ್ತಿದ್ದೆವು. ಮನೆಗೆ ಬಂದರೆ ಕೂದಲೆಲ್ಲ ಚಿಮಣಿ ಎಣ್ಣೆಯ ನಾತ.

ಅದೇ ಹೊತ್ತಿಗೆ ಧಾರವಾಡದವರು ಗಿರಿಜತ್ತಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಗಿರಿಜತ್ತಿ ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದಳು. ಅದಕ್ಕೂ ಮೊದಲು ಮೂರು ಕಡೆಯವರು ಬಂದು ಅವಲಕ್ಕಿ ತಿಂದು "ತಿಳಿಸ್ತೀವಿ" ಅಂದು ಹೋಗಿದ್ದರು, ಅವರು ಇವತ್ತಿನವರೆಗೂ ತಿಳಿಸಿಲ್ಲ. ಈ ನಾಲ್ಕನೆಯವರೂ ಹಾಗೆ ಹೋದರೆ ಮುಂದೆ ಯಾರು ಬರುತ್ತಾರೆ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ, ಎಲ್ಲರ ಮುಖದ ಮೇಲೂ ಇತ್ತು. ನಡುವೆ ಓಡಾಡುತ್ತಿದ್ದ ಹಿರಿಯರು, ಧಾರವಾಡದವರು ಬರುವ ಹಿಂದಿನ ದಿನ, ಬಂದು ಕೇಳಿದರು, "ನಿಮ್ಮ ಕಡೆ ಜ್ವರ ಭಾಳ ಐತಂತ. ಅವ್ರ ಮನ್ಯಾಗ ಸಣ್ಣ ಕೂಸು ಐತಿ, ಹೆದರ್ತಾರ. ನಿಮ್ಮನ್ಯಾಗ ಎಲ್ಲಾರೂ ಆರಾಮ ಅದೀರಿ ಹೌದಲ್ರಿ? ಇಲ್ಲಂದ್ರ ಅವ್ರಿಗೆ ನವಲಗುಂದದ್ದೊಂದು ಕನ್ಯಾ ನೋಡೋದೈತಿ, ಅದನ್ನ ಮೊದಲ ನೋಡ್ತಾರಂತ."

ಆಯಿ ಅಂದಳು, "ನಮ್ಮನ್ಯಾಗ ಒಬ್ರಿಗೂ ಏನೂ ಆಗಿಲ್ರಿ. ಬರ್ರಿ ಅಂತ ಹೇಳ್ರಿ."

ಮರುದಿನ ಮುಂಜಾನೆ ನಾನು ಏಳಲು ಹೋದರೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಂಡಿ, ಮಣಿಕಟ್ಟು, ಬೆರಳು ಎಲ್ಲ ಕಡೆ ನೋವು. ಅವ್ವ ಕುತ್ತಿಗೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಅಡಿಗೆ ಮನೆಯಿಂದ ಶಿರಾ ಹುರಿಯುವ ತುಪ್ಪದ ವಾಸನೆ ಬರುತ್ತಿತ್ತು, ನಾನು ಮೂಗು ಮುಚ್ಚಿಕೊಂಡೆ.

"ಮೈ ಸುಡಾಕತ್ತೈತ್ರಿ" ಅಂದಳು ಅವ್ವ, ಆಯಿಗೆ.

"ನಾ ನೋಡ್ತೇನಿ, ನೀ ಒಲಿ ಕಡೆ ಹೋಗವಾ."

ಮಣೆಯ ಮೇಲೆ ಕೂತೆ. ತಣ್ಣನೆಯ ವಿಭೂತಿ ಹಣೆಗೆ ತಾಗಿದಾಗ ಹಾಯೆನಿಸಿತು. ಕಣ್ಣು ಮುಚ್ಚಿದೆ, ಎಣಿಸಿದೆ. ಒಂದು, ಎರಡು, ಮೂರು. ಆರಕ್ಕೆ ಆಯಿಯ ದನಿ ನಿಂತಿತು.

"ಹಸಿ ಐತಿ. ಜ್ವರ ಇಲ್ಲ. ಸಾಲಿಗೆ ಹೋಗು."

ನಾನು ಆರೇ ಎಣಿಸಿದ್ದೆ. ಜ್ವರದ ತಲೆ, ನಡುವೆ ನಿದ್ದೆ ಹತ್ತಿ ಐದು ಹೆಸರು ತಪ್ಪಿಸಿಕೊಂಡೆನೇನೋ ಅಂದುಕೊಂಡೆ. ಆಯಿ ಶಿವನ ಹೆಸರಿನಲ್ಲಿ ಕಡಿಮೆ ಮಾಡುವವಳಲ್ಲ, ತಪ್ಪು ನನ್ನದೇ. ಅವ್ವ ಡಬ್ಬಿ ಕಟ್ಟಿಕೊಟ್ಟಳು, ಮುಖ ನೋಡಲಿಲ್ಲ.

ಸಾಲಿಯಲ್ಲಿ ಎರಡನೇ ಪಿರಿಯಡ್ಡಿಗೆ ಬೆಂಚಿನ ಮೇಲೆ ತಲೆ ಇಟ್ಟೆ. ಅಕ್ಕಾರು ಬಂದು ಹಣೆ ಮುಟ್ಟಿದರು. ನಮ್ಮ ಸಾಲಿಯಲ್ಲಿ ಹೆಣ್ಣು ಶಿಕ್ಷಕರಿಗೆಲ್ಲ ಅಕ್ಕಾರು ಅನ್ನುತ್ತಿದ್ದೆವು.

"ಹೆಂಚಿನಂಗ ಕಾದೈತಿ ಮೈ. ಯಾರವಾ ನಿನ್ನ ಸಾಲಿಗೆ ಕಳಿಸಿದವ್ರು?"

"ಜ್ವರ ಇಲ್ರಿ ಅಕ್ಕಾರ" ಅಂದೆ ನಾನು. "ನಮ್ಮ ಆಯಿ ನೋಡ್ಯಾಳ್ರಿ. ವಿಭೂತಿ ಒಣಗಿಲ್ರಿ."

ಅಕ್ಕಾರು ನನ್ನ ಹಣೆ ನೋಡಿದರು. ವಿಭೂತಿ ಪುಡಿ ಪುಡಿಯಾಗಿ ಉದುರುತ್ತಿತ್ತು. ಅಷ್ಟಾದರೂ ನಾನು ಆಯಿಯ ಪರವಾಗಿ ವಾದ ಮಾಡಿದೆ ನೋಡಿ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮಾತು ಮುಗಿಯುವ ಮೊದಲೇ ವಾಂತಿಯಾಯಿತು. ಸಾಲಿಯಿಂದ ಮನೆ ಐದು ನಿಮಿಷದ ದಾರಿ. ಶಬಾನಾಳನ್ನು ಜೊತೆ ಮಾಡಿ ಕಳಿಸಿದರು.

ಮನೆಯ ಬಾಗಿಲಲ್ಲಿ ಗೊತ್ತಿಲ್ಲದ ಚಪ್ಪಲಿಗಳು. ಬಂದವರ ನೆನಪೇ ನನಗಿರಲಿಲ್ಲ, ಕೌದಿಯೊಂದೇ ಕಣ್ಣ ಮುಂದೆ ಇದ್ದದ್ದು. ಸಾಲಿಯ ಯೂನಿಫಾರ್ಮಿನಲ್ಲೇ ಹೊಸ್ತಿಲ ಮೇಲೆ ಕಾಲಿಟ್ಟೆ. ಪಡಸಾಲೆಯ ಜಮಖಾನೆಯ ಮೇಲೆ ನಾಲ್ಕೈದು ಮಂದಿ, ಎದುರಿಗೆ ತಲೆ ತಗ್ಗಿಸಿದ ಗಿರಿಜತ್ತಿ, ಪಕ್ಕದಲ್ಲಿ ಆಯಿ. ಹಸಿರು ಸೀರೆಯ ಹೆಂಗಸೊಬ್ಬಳು, ವರನ ತಾಯಿ ಇರಬೇಕು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಅವಲಕ್ಕಿ ತಿನ್ನುತ್ತಿದ್ದಳು. ನನ್ನನ್ನು ನೋಡಿ ಕೇಳಿದಳು, "ಯಾರ್ರಿ ಈ ಹುಡುಗಿ? ಮಾರಿ ಎಷ್ಟ ಕೆಂಪಾಗೈತಲ್ಲ."

ಆಯಿ ನನ್ನ ಕಡೆ ನೋಡಿದಳು. ನೇರವಾಗಿ ನೋಡಿದಳು.

"ಬಾಜೂ ಮನಿ ಹುಡುಗಿ ರಿ" ಅಂದಳು. "ಹೋಗವಾ, ನಿಮ್ಮ ಮನಿಗೆ ಹೋಗು."

ಒಳಬಾಗಿಲಲ್ಲಿ ಅವ್ವ ಚಹಾದ ತಾಟು ಹಿಡಿದು ನಿಂತಿದ್ದಳು. ಆಕೆ ತಾಟು ಹಿಡಿದುಕೊಂಡೇ ಒಳಗೆ ಸರಿದಳು. ಅವ್ವ ಎಲ್ಲದಕ್ಕೂ ಹೆದರುವವಳು, ಅದು ನನಗೆ ಗೊತ್ತಿತ್ತು. ಆಯಿ ಯಾರಿಗೂ ಹೆದರುವವಳಲ್ಲ. ಮುಂಜಾನೆ ಆರಕ್ಕೇ ನಿಲ್ಲಿಸಿದ್ದಳು ಎಂಬುದು ಆ ಹೊಸ್ತಿಲ ಮೇಲೆ ನಿಂತಾಗ ನನಗೆ ತಿಳಿಯಿತು. ನಾನು ಸರಿಯಾಗಿಯೇ ಎಣಿಸಿದ್ದೆ.

ಅಳಲಿಲ್ಲ. ಹಿಂದಕ್ಕೆ ತಿರುಗಿ ಬೀದಿಗಿಳಿದೆ. "ನಿಮ್ಮ ಆಯಿ ಯಾಕ ಹಂಗಂದ್ಲು?" ಅಂತ ಶಬಾನಾ ಕೇಳುತ್ತಲೇ ಬಂದಳು. ಆಕೆಯ ಮನೆಗೇ ಹೋದೆವು. ಅವರ ಅಪ್ಪ ಗೋಕುಲ ರಸ್ತೆಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದರು, ಮನೆಯಲ್ಲಿ ತಾಯಿ ಒಬ್ಬರೇ. ಅವರಿಗೆ ನಾನೂ ಶಬಾನಾಳ ಹಾಗೆ ಅಮ್ಮೀ ಅನ್ನುತ್ತಿದ್ದೆ. ಮಂಚದ ಮೇಲೆ ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕಿದರು. ವಿಭೂತಿ ಆ ಬಟ್ಟೆಗೆ ಅಂಟಿಕೊಂಡು ಹೋಯಿತು.

"ಮನಿಗೆ ಯಾಕ ಹೋಗ್ಲಿಲ್ಲ ಬೇಟಾ?"

"ಅದು ನಮ್ಮನಿ ಅಲ್ಲಂತ್ರಿ ಅಮ್ಮೀ" ಅಂದೆ. ಆಗ ಅಳು ಬಂತು.

ಸಂಜೆ ಅಪ್ಪ ಬಂದು ಹೊತ್ತುಕೊಂಡು ಹೋದ. ಮನೆಯಲ್ಲಿ ಎಲ್ಲರ ಮುಖ ಅರಳಿತ್ತು, ಧಾರವಾಡದವರು ಹೂಂ ಅಂದಿದ್ದರು. ಗಿರಿಜತ್ತಿ ನನ್ನ ಪಕ್ಕದಲ್ಲಿ ಕೂತು "ನನ್ನ ಸಲುವಾಗಿ ನಿನಗ ಹಿಂಗಾತು" ಅಂತ ಅತ್ತಳು. ಆಯಿ ಬಂದು ಕೌದಿ ಹೊದಿಸಿದಳು. ನಾನು ಕಾಲಿನಿಂದ ಅದನ್ನು ಕೆಳಗೆ ತಳ್ಳಿದೆ. ಆಕೆ ಮತ್ತೆ ಹೊದಿಸಿದಳು, ನಾನು ಮತ್ತೆ ತಳ್ಳಿದೆ. ಮೂರನೇ ಸಲ ಆಕೆ ಮಡಚಿ ಪೆಟ್ಟಿಗೆಯ ಮೇಲಿಟ್ಟು ಹೊರಗೆ ಹೋದಳು.

ಎರಡು ತಿಂಗಳು ನನ್ನ ಬೆರಳು ಮಡಚಲು ಬರಲಿಲ್ಲ, ಪೆನ್ಸಿಲ್ ಕೂಡ ಹಿಡಿಯಲಾಗುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆಯ ನಿಶ್ಚಯವೂ ಆಯಿತು. ಅವತ್ತು ಹಸಿರು ಸೀರೆಯ ಹೆಂಗಸು ನನ್ನ ಗಲ್ಲ ಹಿಡಿದು, "ಇಕಿನ್ನ ಎಲ್ಲೋ ನೋಡಿದಂಗ ಐತಲ್ಲ" ಅಂದಳು. ಆಯಿ ಕಣ್ಣು ಪಿಳುಕಿಸದೆ, "ಯೂನಿಫಾರ್ಮಿನ್ಯಾಗ ಎಲ್ಲಾ ಹುಡುಗ್ಯಾರೂ ಒಂದ ನಮೂನಿ ಕಾಣ್ತಾರ ಬಿಡ್ರಿ" ಅಂದಳು. ಎಲ್ಲರೂ ನಕ್ಕರು. ನಿಶ್ಚಯದ ದಿನ ನಾನು ಯೂನಿಫಾರ್ಮಿನಲ್ಲಿ ಇರಲಿಲ್ಲ, ಆ ಮಾತು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಚಳಿಗಾಲದಲ್ಲಿ ನೆಗಡಿ, ಸಣ್ಣ ಜ್ವರ ಬಂತು. ಆಯಿ ಮಣೆ ಹಾಕಿದಳು. ವಿಭೂತಿ ಎಳೆದು, "ಕಣ್ಣು ಮುಚ್ಚವಾ" ಅಂದಳು.

"ಒಲ್ಲೆ" ಅಂದೆ.

ಆಯಿ ಎಣಿಸತೊಡಗಿದಳು. ನಾನು ಆಕೆಯ ಬೆರಳನ್ನೇ ನೋಡುತ್ತ ಜೋರಾಗಿ ಜೊತೆಗೆ ಎಣಿಸಿದೆ. ಆರು ದಾಟಿತು, ಹನ್ನೊಂದು ದಾಟಿತು, ಆಕೆ ನಿಲ್ಲಿಸಲಿಲ್ಲ. ಹನ್ನೆರಡು, ಹದಿಮೂರು. ಹದಿನಾರಕ್ಕೆ ನಿಂತಳು. ಅವತ್ತು ಕಡಿಮೆ ಮಾಡಿದ ಐದನ್ನು ಸೇರಿಸಿ ಕೊಟ್ಟಿದ್ದಳು. ಅದು ನನಗೆ ಅಲ್ಲೇ ಗೊತ್ತಾಯಿತು, ಆದರೂ ಮನಸ್ಸು ಕರಗಲಿಲ್ಲ. ದೇವರಿಗೆ ಕೊಡಬೇಕಾದದ್ದನ್ನು ಕೊಟ್ಟಳು, ನನಗೇನು ಕೊಟ್ಟಳು ಅನ್ನಿಸಿತು. ಆಯಿ ನನ್ನ ತೆರೆದ ಕಣ್ಣನ್ನು ಸ್ವಲ್ಪ ಹೊತ್ತು ನೋಡಿ, "ನಿಮ್ಮವ್ವನ್ನ ಕೇಳು, ಸಾಲಿಗೆ ಹೋಗ್ಲೋ ಬ್ಯಾಡೋ ಅಂತ" ಅಂದಳು. ಆಮೇಲೆ ಆಕೆ ಯಾವತ್ತೂ ಮಣೆ ಹಾಕಲಿಲ್ಲ. ಅಪ್ಪ ಒಂದು ಥರ್ಮಾಮೀಟರ್ ತಂದ. ಆಯಿ ತೀರಿಹೋಗುವವರೆಗೂ ನಾವಿಬ್ಬರು ಆ ದಿನದ ಮಾತು ಎತ್ತಲಿಲ್ಲ. ಗಿರಿಜತ್ತಿ ಧಾರವಾಡದಲ್ಲಿ ಸುಖವಾಗಿದ್ದಾಳೆ. ಆಕೆಯ ಮಕ್ಕಳನ್ನು ನೋಡಿದಾಗ ಆಯಿ ಮಾಡಿದ್ದು ಸರಿಯೇನೋ ಅನ್ನಿಸುತ್ತದೆ. ನನ್ನ ಪಾಲಿಗೆ ಅದು ಸರಿಯಾಗಿಲ್ಲ.

ಈಗ ನಾನೂ ಗೋಕುಲ ರಸ್ತೆಯ ಕಡೆಯ ಫ್ಲ್ಯಾಟೊಂದರಲ್ಲಿ ಸಂಸಾರ ಹೂಡಿದ್ದೇನೆ. ಮಗಳು ಮೂರನೇ ತರಗತಿ. ಹೋದ ವಾರ ಮುಂಜಾನೆ ಆಕೆಯ ಮೈ ಬೆಚ್ಚಗಿತ್ತು. ಅವತ್ತು ನನಗೆ ಆಫೀಸಿನಲ್ಲಿ ತಪ್ಪಿಸಲಾಗದ ಕೆಲಸ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಕೂಗಿದ ಕೂಡಲೇ ನಾನು ಕೈ ಚಾಚಿದೆ. ಆಕೆ ಅದನ್ನು ತಟ್ಟನೆ ತನ್ನ ಕಡೆ ತಿರುಗಿಸಿಕೊಂಡಳು.

"ಮೊದ್ಲ ನಾ ನೋಡ್ತೇನಿ ಮಮ್ಮಿ. ಯಾರ ಮಾತೂ ನಂಬಬಾರ್ದು, ನಂಬರ್ ನೋಡ್ಬೇಕಂತ ನೀನ ಹೇಳೀದಿ."

ಹೌದು, ನಾನೇ ಹೇಳಿಕೊಟ್ಟದ್ದು. ನೂರಾ ಒಂದು ಇತ್ತು, ಸಾಲಿ ತಪ್ಪಿಸಿದೆ, ನಾನೂ ರಜೆ ಹಾಕಿದೆ. ಸಂಜೆ ಆಕೆ ಮಲಗಿದ್ದಾಗ ಹಣೆಯ ಮೇಲೆ ಅಂಗೈ ಇಟ್ಟು, "ಕಣ್ಣು ಮುಚ್ಚವಾ" ಅಂದೆ.

"ಯಾಕ?" ಅಂದಳು ಮಗಳು, ಕಣ್ಣು ತೆರೆದುಕೊಂಡೇ.