ಗೆರೆಯಿಲ್ಲದ ಹೆಬ್ಬೆರಳು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬೆರಳಿನ ಮೆತ್ತೆ ಚಪ್ಪಟೆಯಾಗಿ, ಹುಣಸೆಬೀಜದ ಹಾಗೆ ನುಣ್ಣಗೆ ಮಿನುಗುತ್ತಿತ್ತು. ಒಮ್ಮೆ ಮಧುಗಿರಿಯ ಕಚೇರಿಯಲ್ಲಿ ಯಾವುದೋ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, ಕಾಗದದ ಮೇಲೆ ಬಿದ್ದ ಮಸಿಯ ಮುದ್ದೆ ನೋಡಿ, "ಏನಮ್ಮ, ಒಂದು ಗೆರೇನೂ ಬಿದ್ದಿಲ್ವಲ್ಲ" ಎಂದನಂತೆ. ಅತ್ತೆ, "ಅಚ್ಚಿನ ತಪ್ಪಲ್ಲ ಕಣಯ್ಯ, ಸವೆದೋಗೈತೆ" ಎಂದು ಎಡಗೈ ಚಾಚಿದರಂತೆ. ಇದನ್ನು ಮನೆಯಲ್ಲಿ ಹೇಳುವಾಗಲೂ ಅವರು ನಗುತ್ತಿರಲಿಲ್ಲ, ನಗುತ್ತಿದ್ದವರು ನಾವು.

ಆ ಬೆರಳನ್ನು ಸವೆಸಿದ್ದು ನಾಣ್ಯಗಳು. ಅತ್ತೆಯ ತವರು ಶಿರಾ. ಅವರ ತಂದೆ ಅಲ್ಲಿ ಚಿನಿವಾರರು. ಸಂತೆಗೆ ಬಂದವರು ತೋರಿಸಿದ ನಾಣ್ಯ ನೋಡಿ ಇದು ಅಸಲಿ, ಇದು ಖೋಟಾ ಎಂದು ಹೇಳುವುದೇ ಅವರ ಕಸುಬು. ಗಂಡುಮಕ್ಕಳಿಲ್ಲದ ಆ ಮನುಷ್ಯ ಮಗಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ಮಧುಗಿರಿಯ ಬೆಲ್ಲದ ಮಂಡಿಯವರ ಮನೆಗೆ ಸೊಸೆಯಾಗಿ ಬಂದ ಮೇಲೂ ಆಕೆಯ ಬೆರಳು ಸುಮ್ಮನಿರಲಿಲ್ಲ. ಹೊಗಳುವ ಬಾಯಂತೂ ಅಲ್ಲವೇ ಅಲ್ಲ. ನಾನು ತಟ್ಟಿದ ರೊಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, "ಇದು ಹೆಂಚಿನ ತಪ್ಪೋ, ಕೈ ತಪ್ಪೋ?" ಎಂದು ಕೇಳಿದರೆಂದರೆ ನನಗೆ ಅವತ್ತು ಊಟ ಇಳಿಯುತ್ತಿರಲಿಲ್ಲ.

ನಾನು ಅವರನ್ನು ಮೊದಲು ಸರಿಯಾಗಿ ಕಂಡದ್ದು ನನ್ನ ವೀಳ್ಯಶಾಸ್ತ್ರದ ದಿನ, ಮಿಡಿಗೇಶಿಯ ನಮ್ಮ ಮನೆಯಲ್ಲಿ. ನಮ್ಮಪ್ಪನದು ಊರೊಳಗೆ ಒಂದು ದಿನಸಿ ಅಂಗಡಿ. ಯಾವ ಕಾಲದಲ್ಲೋ ಅಂಗಡಿಗೆ ಒಂದು ವಿಚಿತ್ರ ಬೆಳ್ಳಿ ರೂಪಾಯಿ ಬಂದಿತ್ತು. ಒಂದು ಕಡೆ ಎಲ್ಲ ರೂಪಾಯಿಗಳಂತೆ ಉಬ್ಬಿದ ರಾಣಿಯ ತಲೆ. ಇನ್ನೊಂದು ಕಡೆ ಅಕ್ಷರ ಇರಬೇಕಾದ ಜಾಗದಲ್ಲೂ ಅದೇ ರಾಣಿ, ಆದರೆ ಒಳಕ್ಕೆ ಇಳಿದು, ಅತ್ತ ಮುಖ ಮಾಡಿಕೊಂಡು. ಅಪ್ಪ ಅದನ್ನು ಎರಡು ಮುಖದ ಲಕ್ಷ್ಮಿ ಎಂದು ದೇವರ ಗೂಡಿನಲ್ಲಿ ಇಟ್ಟರು. ಪ್ರತಿ ಶುಕ್ರವಾರ ಅಮ್ಮ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಮಗಳ ವೀಳ್ಯದ ತಟ್ಟೆಯಲ್ಲಿ ಬೆಳ್ಳಿ ರೂಪಾಯಿ ಇಡಬೇಕಲ್ಲ, ಮನೆಯಲ್ಲಿ ಅದಕ್ಕಿಂತ ಮಂಗಳಕರವಾದದ್ದು ಇನ್ನೇನಿದೆ ಎಂದು ಅಪ್ಪ ಅದನ್ನೇ ಎಲೆ ಅಡಿಕೆಯ ಮೇಲೆ ಇಟ್ಟುಬಿಟ್ಟರು.

ತಟ್ಟೆಗೆ ಕೈ ಹಾಕಿದವರು ಗಂಡಿನ ದೊಡ್ಡಪ್ಪ, ಅಂದರೆ ನಮ್ಮ ಅತ್ತೆಗೆ ಗಂಡನ ಅಣ್ಣ, ಮುಂದೆ ನನಗೆ ದೊಡ್ಡಮಾವ. ರೂಪಾಯಿಯನ್ನು ತಿರುವಿ ನೋಡಿದರು. ಮತ್ತೆ ತಿರುವಿದರು. ಹಿಂದೊಮ್ಮೆ ಯಾರೋ ಖೋಟಾ ನಾಣ್ಯ ಕೊಟ್ಟು ಅವರಿಗೆ ಟೋಪಿ ಹಾಕಿದ್ದರಂತೆ, ಆ ಉರಿ ಇನ್ನೂ ಆರಿರಲಿಲ್ಲ.

"ಒಂದು ರೂಪಾಯಿ ಅನ್ನೋ ಅಕ್ಸರ ಎಲ್ಲಯ್ಯ ಇದ್ರಾಗೆ?" ಎಂದು ಅಪ್ಪನನ್ನು ಕೇಳಿದರು.

"ದೇವ್ರ ಗೂಡಲ್ಲಿದ್ದದ್ದು ಯಜಮಾನ್ರೇ. ಎರಡು ಕಡೀಕೂ ತಾಯಿ ಮುಖ ಐತೆ ಅಂತ..."

"ರೂಪಾಯಿ ಮ್ಯಾಲೆ ರೂಪಾಯಿ ಇಟ್ಟು ಕುಟ್ಟಿ, ಅರಿಶಿಣ ಬಳ್ದು ಮುಚ್ಚವ್ರೆ. ಖೋಟಾ ಕೆಲ್ಸ ಮಾಡೋರ ಮನೆ ಹೆಣ್ಣು ನಮಗೆ ಬ್ಯಾಡ. ಏಳ್ರಲಾ, ಗಾಡಿ ಕಟ್ರಿ."

ನಾನು ಅಡುಗೆಮನೆಯ ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಆ ಗಾಡಿ ಹೊರಟರೆ ಮಾತು ಕೊರಟಗೆರೆ, ಪಾವಗಡದವರೆಗೂ ಹೋಗುತ್ತದೆ. ಅಂಗಡಿಗೆ ಯಾರೂ ಬರುವುದಿಲ್ಲ, ಪೊಲೀಸರು ಬಂದರೂ ಬಂದಾರು, ನನ್ನನ್ನು ಮತ್ತೆ ಯಾರೂ ಕೇಳುವುದಿಲ್ಲ. ಅಷ್ಟೂ ಆ ಒಂದು ಗಳಿಗೆಯಲ್ಲಿ ನನಗೆ ಅರ್ಥವಾಯಿತು.

ಆ ಮನೆಯ ಪದ್ಧತಿಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ಬಂದು ಮಾತಾಡುವಂತಿಲ್ಲ. ಹೆಂಗಸರ ನಡುವೆ ಕುಳಿತಿದ್ದ ಅತ್ತೆ ಎದ್ದು ಬಾಗಿಲ ಬಳಿ ಬಂದು, ಗಂಡನನ್ನು ನೋಡಿ, "ಅದನ್ನ ಇತ್ಲಾಗೆ ತನ್ನಿ" ಎಂದರು. ಚೊಂಬಿನ ನೀರಿನಲ್ಲಿ ಅರಿಶಿನವನ್ನೆಲ್ಲ ತೊಳೆದರು. ಬಿಸಿಲಿಗೆ ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನು ಅದರ ಮೇಲೆ ಆಡಿಸತೊಡಗಿದರು.

"ಉಬ್ಬಿರೋ ರಾಣಿ ಮೂಗು ಸವೆದೈತೆ. ಹುಣಸೆಹಣ್ಣಲ್ಲಿ ಉಜ್ಜೋರು ಯಾರು?"

"ನಾನೇ ಕಣಮ್ಮ, ಸುಕ್ರವಾರ ಸುಕ್ರವಾರ" ಎಂದಳು ಒಳಗಿನಿಂದ ಅಮ್ಮ, ಅಳುತ್ತಾ.

"ಮೂಗು, ಕೆನ್ನೆ, ಕಿವಿ ಮ್ಯಾಲಿನ ಕೂದ್ಲು. ಎತ್ತರದಲ್ಲಿರೋದೆಲ್ಲ ನಿನ್ನ ಕೈಗೆ ಸಿಕ್ಕೈತೆ. ಸವೆತ ಅನ್ನೋದು ಇಂಗೇ, ಎತ್ತರದಿಂದ ಸುರುವಾಗ್ತದೆ. ತಗ್ಗಿನ ರಾಣಿಗೆ ನಿನ್ನ ಬೆರಳು ಹೋಗಿಲ್ಲ. ಅವ್ಳು ಇನ್ನೂ ಹೊಸಬಳಂಗವ್ಳೆ." ಆಮೇಲೆ ಗಂಡನ ಕಡೆ ತಿರುಗಿ, "ಕುಟ್ಟಿದ್ದು ಅಂತಾರಲ್ಲ, ಕುಟ್ಟಿದ್ರೆ ಹೆಂಗಾಗ್ತದೆ ಅಂತ ತೋರಿಸ್ತೀನಿ. ಎರಡು ತಾಮ್ರದ ಕಾಸು ಕೊಡಿ, ಒಂದು ಸುತ್ತಿಗೆ ತರ್ಸಿ" ಎಂದರು.

ಸುತ್ತಿಗೆ ಬಂತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಅಂಗಳದ ಕಲ್ಲಿನ ಮೇಲೆ ಕಾಸಿನ ಮೇಲೆ ಕಾಸಿಟ್ಟು ಹೊಡೆದರು. ಬೀಗತನದ ಗಂಡಸರೆಲ್ಲ ಪಂಚೆ ಉಟ್ಟು ಪೇಟ ಸುತ್ತಿ ಕೂತಿರುವಾಗ, ರೇಷ್ಮೆ ಸೀರೆಯ ಹೆಂಗಸೊಬ್ಬಳು ಕಮ್ಮಾರನ ಹಾಗೆ ಸುತ್ತಿಗೆ ಎತ್ತಿ ಹೊಡೆಯುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಅವ್ರಿಗೆ ತೋರ್ಸಿ" ಎಂದು ಕೆಳಗಿನ ಕಾಸನ್ನು ಗಂಡನ ಕೈಗೆ ಕೊಟ್ಟರು. "ತಗ್ಗು ಬಿದ್ದೈತೆ, ಆದ್ರೆ ಮೊದ್ಲಿದ್ದ ಅಕ್ಷರ ಇನ್ನೂ ಅಲ್ಲೇ ಅಡಗಿ ಕೂತೈತೆ. ಹಿಂದಕ್ಕೆ ತಿರುಗ್ಸಿ, ಕಲ್ಲಿಗೆ ತಾಗಿದ ಮುಖ ಜಜ್ಜೋಗೈತೆ. ಈ ರೂಪಾಯಲ್ಲಿ ಮೊದ್ಲಿನ ಅಕ್ಷರದ ಸುಳಿವಿಲ್ಲ, ಹಿಂದುಗಡೆ ಏಟು ಬಿದ್ದ ಗುರುತೂ ಇಲ್ಲ. ಟಂಕಸಾಲೇಲಿ ಮುಂಚೆ ಹೊಡ್ದ ರೂಪಾಯಿ ಮೇಲಿನ ಅಚ್ಚಿಗೇ ಅಂಟ್ಕಂಡ್ಬುಟ್ಟೈತೆ. ಯಾರೂ ನೋಡಿಲ್ಲ. ಅದ್ರ ಕೆಳಗೆ ಬಂದ ಬೆಳ್ಳಿ ಬಿಲ್ಲೆಗೆ ಆ ರಾಣಿ ತಲೆನೇ ಒತ್ಕಂಡೈತೆ. ತಪ್ಪು ಅದು ಹುಟ್ಟಿದ ಕಡೇದು, ಈ ಮನೇದಲ್ಲ."

ದೊಡ್ಡಮಾವ ಕಾಸನ್ನೂ ರೂಪಾಯಿಯನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಉಗುರಿನಿಂದ ಕೆರೆದು ನೋಡಿದರು. ಎರಡನ್ನೂ ಚಾಪೆಯ ಮೇಲಿಟ್ಟು ಪೇಟ ಸರಿ ಮಾಡಿಕೊಂಡರು. ಅತ್ತೆ ರೂಪಾಯಿಯನ್ನು ಎತ್ತಿ ಮತ್ತೆ ತಟ್ಟೆಯಲ್ಲಿಟ್ಟು ಅಪ್ಪನ ಕಡೆ ಸರಿಸಿದರು.

"ಬೀಗ್ರೇ, ವೀಳ್ಯ ಎತ್ಕೊಡಿ. ಹೊತ್ತಾಗ್ತದೆ."

ಶಾಸ್ತ್ರ ಇನ್ನೂ ಮುಗಿದಿರಲಿಲ್ಲ, ಯಾರೂ ಯಾರಿಗೂ ಬೀಗರಾಗಿರಲಿಲ್ಲ. ಆ ಮಾತು ಕೇಳಿ ಅಪ್ಪ ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟರು. ಎಷ್ಟೋ ವರ್ಷ ಆದ ಮೇಲೂ ಅವರು ಮಧುಗಿರಿಗೆ ಬಂದರೆ ನಮ್ಮ ಅತ್ತೆಯ ಎದುರು ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದರು.

ನಾನು ಆ ಮನೆ ತುಂಬಿದ ದಿನ ಅತ್ತೆ ರೂಪಾಯಿಯನ್ನು ನನ್ನ ಕೈಗಿಟ್ಟು, "ಇದು ನಿಂದು. ಇನ್ಮ್ಯಾಲೆ ಹುಣಸೆಹಣ್ಣು ಮುಟ್ಟಿಸ್ಬ್ಯಾಡ" ಎಂದರು. ಹಾಗೆ ಶುರುವಾದ ಪಾಠ ಅವರ ಕಣ್ಣು ಇರುವವರೆಗೂ ನಡೆಯಿತು. ಪಾವಗಡದ ಕಡೆಯ ತೆಲುಗು ಮಾತಿನವನೊಬ್ಬ ಅಂಚು ಓರೆಯಾಗಿದ್ದ ರೂಪಾಯಿ ತಂದು, "ಚೂಡಮ್ಮಾ, ಇದೂ ಟಂಕಸಾಲೆ ತಪ್ಪೇ ಅಲ್ವಾ?" ಎಂದು ಆಸೆಯಿಂದ ಕೇಳಿದ. ಅತ್ತೆ ನೋಡಲೇ ಇಲ್ಲ. ಅಂಗೈಯಲ್ಲಿ ತೂಗಿ, ಅಂಚಿಗೆ ಬೆರಳು ತಾಗಿಸಿ, "ಅಚ್ಚಿನ ತಪ್ಪಾದ್ರೆ ತೂಕ ಪೂರ್ತಿ ಇರ್ಬೇಕಿತ್ತು. ಇದು ಅರದಲ್ಲಿ ಉಜ್ಜಿರೋದು. ಉಜ್ಜಿದ ಬೆಳ್ಳಿ ಎಲ್ಲಿ ಮಾರ್ಕಂಡೆ?" ಎಂದರು. ಅವನು ನಗುತ್ತಾ ತಲೆ ಕೆರೆದುಕೊಂಡ. ಆ ಬೆರಳಿಗೆ ನಾನು ಹೆದರುತ್ತಿದ್ದೆ, ಅಷ್ಟೇ ಪೂಜಿಸುತ್ತಿದ್ದೆ. ನಾನೂ ಕಲಿತೆ, ಆದರೆ ಅವರ ಕಾಲ್ಭಾಗವೂ ಬರಲಿಲ್ಲ.

ಯುದ್ಧದ ಕಾಲಕ್ಕೆ ಹಳೆಯ ಬೆಳ್ಳಿ ರೂಪಾಯಿಗಳು ಕಣ್ಮರೆಯಾದವು, ಅತ್ತೆಯ ಕಣ್ಣಿಗೂ ಪೊರೆ ಬಂತು. ಒಂದು ದಿನ ನಾನು ತಲೆ ಬಾಚುತ್ತಿದ್ದಾಗ ಹೇಳಿದರು: "ನಾನು ಹೋದಾಗ ಹಣೆಗೆ ಕಾಸು ಇಡ್ತಾರಲ್ಲ, ಹೊಸಾದು ಇಡ್ಬ್ಯಾಡ. ಚೆನ್ನಾಗಿ ಸವೆದಿರೋದು ನೋಡಿ ಇಡು. ಬದುಕಿದ್ದೆ ಅಂತಾದ್ರೂ ಗೊತ್ತಾಗ್ಲಿ."

ಅವರು ತೀರಿಕೊಂಡ ದಿನ ಯಾರೋ ಹೊಳೆಯುವ ಹೊಸ ನಾಣ್ಯ ತಂದರು. ಗೋಡೆಗೆ ಒರಗಿ ಕೂತಿದ್ದ ದೊಡ್ಡಮಾವ, "ಬ್ಯಾಡ. ನಿನ್ನ ಆ ರೂಪಾಯಿ ಇಡಮ್ಮ" ಎಂದರು. ಹಣೆಯ ಕಾಸು ಮನೆಗೆ ತಿರುಗಿ ಬರುವುದಿಲ್ಲ. ಅತ್ತೆಗಾಗಿ ಅದನ್ನೂ ಕೊಡಲು ನನ್ನ ಮನಸ್ಸು ಸಿದ್ಧವಿತ್ತು. ಆದರೂ ಅತ್ತೆಯ ಮಾತನ್ನು ಹೇಳಿ, ಹುಡುಕಿಟ್ಟಿದ್ದ ಬೇರೊಂದು ಹಳೆಯ ರೂಪಾಯಿಯನ್ನು ದೊಡ್ಡಮಾವನ ಕೈಗೆ ಕೊಟ್ಟೆ. ಮುದುಕರು ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದರು, ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರು. "ಮೂಗು, ಕೆನ್ನೆ, ಕೂದ್ಲು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಸರಿಯಾಗಿ ಸವೆದೈತೆ. ಇಡು."

ನನ್ನ ರೂಪಾಯಿ ನನ್ನ ಹತ್ತಿರವೇ ಇದೆ. ಉಬ್ಬಿದ ರಾಣಿಯ ಮುಖದ ಸವೆತ ನಮ್ಮಮ್ಮನ ಕೈಯದು, ಒಳಕ್ಕಿಳಿದ ರಾಣಿ ಟಂಕಸಾಲೆಯ ತಪ್ಪು. ಇವೆರಡನ್ನೂ ಬೇರೆ ಮಾಡಿ ಹೇಳಬಲ್ಲವರೊಬ್ಬರು ಅವತ್ತು ಎದ್ದು ಬಂದದ್ದರಿಂದ ನಾನು ಈ ಮನೆಯ ಸೊಸೆಯಾದೆ.