ಭುಜದೆತ್ತರದ ಶವರ್

ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ಆದರೂ ಹೆಂಡತಿ ವಾರಕ್ಕೆ ಎಷ್ಟು ಸಲ ತಲೆಗೆ ಸ್ನಾನ ಮಾಡುತ್ತಾಳೆಂದು ಯಾರಾದರೂ ಕೇಳಿದ್ದರೆ ಮೊನ್ನೆಮೊನ್ನೆಯವರೆಗೂ ತಬ್ಬಿಬ್ಬಾಗುತ್ತಿದ್ದೆ. ಗಂಡಸರ ಬುದ್ಧಿಯೇ ಇಷ್ಟು. ನಮಗೆ ಸ್ನಾನವೆಂದರೆ ನೆತ್ತಿಯಿಂದ ಪಾದದವರೆಗೆ ಒಂದೇ.

ಆಗಿದ್ದೇನೆಂದರೆ, ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದೂ ಬರೆದೂ ನನ್ನ ಹೆಂಡತಿ ಸರೋಜಳ ಬಲಭುಜ ಹಿಡಿದುಕೊಂಡಿತು. ಕೈ ಮೇಲೇಳದು. ಎಡಗೈಯಲ್ಲಿ ಚೊಂಬು ಎತ್ತಿದರೆ ಅರ್ಧ ನೀರು ಗೋಡೆಗೆ. ಹಾಗಾಗಿ ಮೂರು ತಿಂಗಳು ಅವಳಿಗೆ ನೀರು ಹೊಯ್ಯುವ ಕೆಲಸ ನನ್ನದಾಯಿತು. ನನಗೇನೂ ಬೇಸರವಿರಲಿಲ್ಲ, ಅವಳಿಗೇ ಸಂಕೋಚ. ಒಂದು ದಿನ ಗೋಡೆಯ ಕಡೆ ಮುಖ ಮಾಡಿ, "ನನ್ ಸ್ನಾನ ನಾನೇ ಮಾಡ್ಕೊಳ್ಳೋ ಹಾಗಾದ್ರೆ ಸಾಕು ಕಣ್ರೀ" ಎಂದು ಅತ್ತುಬಿಟ್ಟಳು.

ಅವತ್ತೇ ಒಂದು ಶವರ್ ತರೋಣವೆಂದು ನಮ್ಮ ಹಳೇಬೀಡಿನಿಂದ ಬೇಲೂರಿಗೆ ಬಸ್ಸು ಹತ್ತಿದೆ. ಶವರ್‌ಗಳಲ್ಲಿ ಇಷ್ಟೊಂದು ಜಾತಿ ಇರುವುದು ನನಗೇನು ಗೊತ್ತು! "ಇದು ಮಳೆ ಶವರ್ ಸಾರ್, ಕೆಳಗೆ ನಿಂತ್ರೆ ಸಾಕು" ಎಂದ ಅಂಗಡಿಯವನು. ಊಟದ ತಟ್ಟೆಯಷ್ಟು ಅಗಲ. ತಂದು, ಸೂರಿನ ಹತ್ತಿರ ಹಾಕಿಸಿ, ಗತ್ತಿನಿಂದ ನಲ್ಲಿ ತಿರುಗಿಸಿ ತೋರಿಸಿದೆ.

ಸರೋಜ ಕತ್ತೆತ್ತಿ ನೋಡಿದಳು. "ಅಯ್ಯೋ, ಇದು ಸೀದಾ ತಲೆ ಮೇಲೇ ಬೀಳತ್ತಲ್ರೀ! ದಿನಾ ತಲೆಗೆ ಸ್ನಾನ ಮಾಡಿ, ಒದ್ದೆ ಜಡೇಲಿ ಎಂಟೂವರೆ ಬಸ್ ಹತ್ಲಾ? ನೋಡ್ದೋರು ಮನೇಲಿ ಸೂತಕವೇನೋ ಅಂತಾರೆ."

ಬೇಲೂರಿನ ಗುಡಿಯಲ್ಲಿ ಒದ್ದೆ ಕೂದಲು ಹಿಂಡಿಕೊಳ್ಳುವ ಒಬ್ಬ ಸುಂದರಿ ಇದ್ದಾಳೆ. ಶತಮಾನಗಳು ಕಳೆದರೂ ಹಿಂಡುವುದು ಮುಗಿದಿಲ್ಲ. ಅವಳಿಗೇನು, ಶಾಲೆಯೇ, ಬಸ್ಸೇ? ಸೊಂಟದುದ್ದ ಕೂದಲಿನ ನನ್ನ ಹೆಂಡತಿಗೆ ತಲೆಸ್ನಾನವೆಂದರೆ ಮಂಗಳವಾರ, ಶುಕ್ರವಾರ; ಮಿಕ್ಕ ದಿನ ಮೈಗೆ ಮಾತ್ರ. ಮೂರು ತಿಂಗಳು ನನ್ನ ಕೈಯಾರೆ ನೀರು ಹೊಯ್ದೂ ಅಂಗಡಿಯಲ್ಲಿ ಅದು ನೆನಪಾಗಲಿಲ್ಲವಲ್ಲ, ಎಂಥ ಮಂಕ ನಾನು!

ಮತ್ತೆ ಬೇಲೂರು. ಈ ಸಲ ಕೊಳವೆಯಿರುವ ಕೈ ಶವರ್ ತಂದೆ; ಗೋಡೆಗೆ ಸಿಕ್ಕಿಸಿದರೆ ಮೈಗಷ್ಟೇ ನೀರು, ತಲೆಸ್ನಾನದ ದಿನ ಎಡಗೈಯಲ್ಲಿ ಹಿಡಿದರಾಯಿತು. ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮಗುವಿನ ಎತ್ತರ ಅಳೆಯುವ ಹಾಗೆ ಭುಜದ ನೇರಕ್ಕೆ ಪೆನ್ಸಿಲ್ ಗೀಟು ಹಾಕಿದೆ. "ಇಷ್ಟ್ ತಗ್ಗಿಗೆ ಯಾರೂ ಹಾಕ್ಸಲ್ಲ ಸಾರ್" ಎಂದ ಪ್ಲಂಬರ್. "ನಾವು ಹಾಕಿಸ್ತೀವಿ ಕಣಪ್ಪಾ" ಎಂದೆ.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಪಂಚೆ ಎತ್ತಿ ಕಟ್ಟಿ ಅವಳ ಹಿಂದೆಯೇ ಹೊರಟೆ. "ನೀವೆಲ್ಲಿಗ್ ಬರ್ತೀರಿ? ಹೋಗಿ ಕಾಫಿ ಕಾಸಿ" ಎಂದವಳೇ ಬಾಗಿಲು ಹಾಕಿ, ಒಳಗಿನಿಂದ ಚಿಲಕ ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ನೀರಿನ ಸದ್ದು, ಅದರ ಜೊತೆಗೇ ಅವಳ ಗುನುಗು. ಮುಖಕ್ಕೆ ಹೊಡೆದ ಹಾಗೆ ಹೆಂಡತಿ ಬಾಗಿಲು ಹಾಕಿಕೊಂಡಳೆಂದು ಕಣ್ಣು ತುಂಬುವಷ್ಟು ಖುಷಿಪಟ್ಟ ಗಂಡ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.